ಸೊಳ್ಳೆಯ ಒಡಲಲ್ಲಿ ಕೂಡುವ ತಳಿಗಳು

ಸೊಲ್ಲಾಪುರದ ಸರಕಾರಿ ಫಲಕಗಳಲ್ಲಿ ಮಲೇರಿಯಾಕ್ಕೆ ‘ಹಿವತಾಪ’ ಎಂಬ ಮರಾಠಿ ಹೆಸರಿದೆ. ಅಕ್ಕಲಕೋಟೆಯ ಕನ್ನಡ ಮನೆಗಳಲ್ಲಿ ಅದು ಚಳಿಜ್ವರ. ಎರಡೂ ರೋಗಿಯ ನಡುಕವನ್ನೇ ಹೇಳುತ್ತವೆ. ಇಟಲಿ ಮೂಲದ ‘ಮಲೇರಿಯಾ’ ಮಾತ್ರ ಕೆಟ್ಟ ಗಾಳಿಯನ್ನು ದೂರುತ್ತದೆ. ಗಾಳಿಯ ಮೇಲಿನ ಈ ಅಪವಾದ ಕಳೆಯತೊಡಗಿದ್ದು ಸೊಲ್ಲಾಪುರದಿಂದ ವಾಡಿ ಮಾರ್ಗವಾಗಿ ರೈಲಿನಲ್ಲಿ ತಲುಪಬಹುದಾದ ಸಿಕಂದರಾಬಾದಿನಲ್ಲಿ, 1897ರ ಆಗಸ್ಟ್ 20ರಂದು.

ಅದಕ್ಕೆ ಮೊದಲು ರೊನಾಲ್ಡ್ ರಾಸ್ ಎರಡು ವರ್ಷ ಬೇರೆ ಜಾತಿಯ ಸೊಳ್ಳೆಗಳಿಗೆ ರೋಗಿಗಳ ರಕ್ತ ಕುಡಿಸಿ, ಕೊಯ್ದು ನೋಡಿ ಬೇಸತ್ತಿದ್ದರು. ಚುಕ್ಕೆ ರೆಕ್ಕೆಯ ಅನಾಫಿಲೀಸ್ ಸೊಳ್ಳೆಯ ಜಠರದ ಗೋಡೆಯಲ್ಲಿ ಮಾತ್ರ ರೋಗಾಣುವಿನ ಗಂಟುಗಳು ಕಂಡವು. ರಕ್ತ ಕುಡಿದ ಮಾತ್ರಕ್ಕೆ ಸೋಂಕು ತಗಲದು.

ಅನಾಫಿಲೀಸ್ ಕುಲದೊಳಗೂ ಭೇದಗಳಿವೆ. ಹಳ್ಳಿಗಳ ಕ್ಯುಲಿಸಿಫೇಸೀಸ್ ಎಂಬ ಸೊಳ್ಳೆ ನೋಟಕ್ಕೆ ಒಂದೇ ಆದರೂ ಐದು ಒಡಹುಟ್ಟು ಪ್ರಭೇದಗಳ ಗುಂಪು. ಅವುಗಳಲ್ಲಿ ‘ಬಿ’ ರೋಗ ಹರಡುವಲ್ಲಿ ದುರ್ಬಲ. ನಗರಗಳ ಸ್ಟೀಫೆನ್ಸಿಗೆ ಮುಚ್ಚಳವಿಲ್ಲದ ನೀರಿನ ತೊಟ್ಟಿಯೇ ತವರು. ಕೆಲವು ದಿನಗಳಿಗೊಮ್ಮೆ ನಳದ ನೀರು ಬರುವ ಊರಿನಲ್ಲಿ ತೊಟ್ಟಿ ತುಂಬಿಡದೆ ಗತ್ಯಂತರವೂ ಇಲ್ಲ.

ರೋಗಾಣುವಿನ ಕಡೆಯ ವೈವಿಧ್ಯ ಇನ್ನೂ ಸೂಕ್ಷ್ಮವಾದುದು. ಸೊಳ್ಳೆಗೂ ತನ್ನದೇ ರಕ್ಷಣಾ ವ್ಯವಸ್ಥೆಯುಂಟು; ಜಠರ ದಾಟುವ ರೋಗಾಣುವನ್ನು ಅದು ಗುರುತಿಸಿ ಕೊಲ್ಲುತ್ತದೆ. ಪ್ಲಾಸ್ಮೋಡಿಯಂ ಫಾಲ್ಸಿಪೇರಮ್ ಜೀವಿಯ ‘ಪಿಎಫ್‌ಎಸ್ 47’ ಎಂಬ ವಂಶವಾಹಿಯಿಂದಾಗುವ ಪ್ರೋಟೀನು ಈ ಕಾವಲನ್ನು ವಂಚಿಸುತ್ತದೆ. ಆದರೆ ಆ ವಂಶವಾಹಿಯ ರೂಪ ಖಂಡದಿಂದ ಖಂಡಕ್ಕೆ ಬೇರೆ. ಆಫ್ರಿಕದ ತಳಿ ಆಗ್ನೇಯ ಏಷ್ಯದ ಡೈರಸ್ ಸೊಳ್ಳೆಯಲ್ಲಿ ಸೊರಗುತ್ತದೆ. ಕೀಲಿ ಆ ಬೀಗಕ್ಕೆ ಹೊಂದುವುದಿಲ್ಲ.

ಈ ವೈವಿಧ್ಯ ಹೆಚ್ಚುವುದೂ ಸೊಳ್ಳೆಯಲ್ಲಿಯೇ. ಮನುಷ್ಯನ ರಕ್ತದಲ್ಲಿ ರೋಗಾಣು ತನ್ನ ಪಡಿಯಚ್ಚುಗಳನ್ನಷ್ಟೇ ಹೆರುತ್ತದೆ. ಗಂಡುಹೆಣ್ಣು ಕಣಗಳು ಕೂಡುವುದು, ವಂಶವಾಹಿಗಳು ಕಲೆತು ಹಂಚಿಕೆಯಾಗುವುದು ಸೊಳ್ಳೆಯ ಜಠರದಲ್ಲಿ. ಒಬ್ಬ ರೋಗಿಯಲ್ಲಿ ಎರಡು ತಳಿಗಳಿದ್ದರೆ ಒಂದೇ ಕಡಿತದಲ್ಲಿ ಎರಡೂ ಒಳಸೇರಿ, ಹೊಸ ಜೋಡಣೆಯ ಸಂತತಿ ಹುಟ್ಟಬಹುದು. ಔಷಧಕ್ಕೆ ಬಗ್ಗದ ಗುಣಗಳು ಹೀಗೆ ಒಂದೆಡೆ ಸೇರುವುದುಂಟು, ಚದುರುವುದೂ ಉಂಟು. ರೋಗಿಗಳು ವಿರಳವಾದಲ್ಲಿ ಸೊಳ್ಳೆಗೆ ದೊರೆಯುವುದು ಬಹುಪಾಲು ಒಂದೇ ತಳಿ; ಆಗ ಸಂಕರವೂ ವಿರಳ.

ವೈವಾಕ್ಸ್ ರೋಗಾಣುವಿನ ಕಥೆ ತುಸು ಬೇರೆ. ಅದು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿರಬಲ್ಲದು. ಮರಳಿ ಬರುವ ಜ್ವರದ ತಳಿ ಮೊದಲಿನದೇ ಆಗಿರಬೇಕೆಂದಿಲ್ಲ. ಪ್ರಿಮಾಕ್ವಿನ್ ಮಾತ್ರೆಯನ್ನು 14 ದಿನ ಕೊಡುವುದು ಈ ಮಲಗಿದವುಗಳಿಗಾಗಿ. ಜ್ವರವೇನೋ ಮೂರು ನಾಲ್ಕು ದಿನಗಳಲ್ಲಿ ಇಳಿಯುತ್ತದೆ; ಹಲವು ಮನೆಗಳಲ್ಲಿ ಮಾತ್ರೆಯೂ ಅಂದೇ ನಿಲ್ಲುತ್ತದೆ.