ಒಂದೇ ಮಟ್ಟು, ಹಲವು ಕಂಠ

ದೊಡ್ಡಬಳ್ಳಾಪುರ, ಹೊಸಕೋಟೆಗಳ ಸುತ್ತಿನ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕವನ್ನು ನೀವು ನೋಡಿರಬಹುದು. ಹಾರ್ಮೋನಿಯಂ ಮೇಷ್ಟರು ಒಂದು ಮಟ್ಟು ಹಿಡಿಯುತ್ತಾರೆ, ತಬಲ ಜೊತೆಗೂಡುತ್ತದೆ, ಒಬ್ಬ ಪಾತ್ರಧಾರಿ ಅದರ ಮೇಲೆ ತನ್ನ ಪ್ರತಾಪವನ್ನು ಹಾಡುತ್ತಾನೆ. ನಡುರಾತ್ರಿ ಕಳೆದ ಮೇಲೆ ಅದೇ ಮಟ್ಟಿನಲ್ಲಿ ಇನ್ನೊಬ್ಬನು ಗೋಳಾಡಿದರೂ ಸಭಿಕರಾರೂ ಆಕ್ಷೇಪಿಸುವುದಿಲ್ಲ. ಹಳೆಯ ನಾಟಕದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚು ಹಾಕುತ್ತಿದ್ದುದೂ ಇದಕ್ಕಾಗಿಯೇ. ಕೈಲಾಸಂ ಅವರಂತೂ ‘ಟಿಪರರಿ’ ಎಂಬ 1912ರ ಇಂಗ್ಲಿಷ್ ಹಾಡಿನ ಮಟ್ಟನ್ನೇ ನಮ್ಮ ತಿಪ್ಪಾರಳ್ಳಿಗೆ ಕರೆತಂದರು!

ಈ ಪದ್ಧತಿ ಗ್ರಾಮೊಫೋನ್ ತಟ್ಟೆಗೆ ಇಳಿದರೆ ಏನಾಗುತ್ತದೆ? ಅದನ್ನು ತಿಳಿಯಲು ಜಮೈಕಾ ದ್ವೀಪಕ್ಕೆ ಹೋಗಬೇಕು. ಅದರ ರಾಜಧಾನಿ ಕಿಂಗ್‌ಸ್ಟನ್ನಿನ ಹೆಸರನ್ನು ನೀವು ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ಕೇಳಿಯೇ ಇರುತ್ತೀರಿ. 1960ರ ದಶಕದ ಕೊನೆಗೆ ಅಲ್ಲಿ ಹುಟ್ಟಿದ ರೆಗೇ ಸಂಗೀತದಲ್ಲಿ ಡ್ರಮ್ಮೂ ತಗ್ಗು ದನಿಯ ಬೇಸ್ ಗಿಟಾರೂ ಸೇರಿ ಕಟ್ಟುವ ಹಿಮ್ಮೇಳಕ್ಕೆ ‘ರಿಡಿಮ್’ ಎಂದು ಹೆಸರು. ರಿದಮ್ ಎಂಬ ಮಾತಿನ ಆ ನಾಡಿನ ಉಚ್ಚಾರವಷ್ಟೆ. ತಟ್ಟೆಯ ಒಂದು ಮಗ್ಗುಲಿಗೆ ಹಾಡು, ಇನ್ನೊಂದಕ್ಕೆ ಕಂಠವನ್ನು ತೆಗೆದ ಬರೀ ಹಿಮ್ಮೇಳ. ಹೀಗೆ ಮುದ್ರಿಸುವುದು ರೂಢಿಯಾಯಿತು. ಬೀದಿ ಕುಣಿತಗಳಲ್ಲಿ ದೊಡ್ಡ ಧ್ವನಿವರ್ಧಕ ಹೂಡಿ ಈ ಎರಡನೆಯ ಮಗ್ಗುಲನ್ನು ಹಾಕಿದರೆ, ಮೈಕು ಹಿಡಿದವನು ಅದರ ಮೇಲೆ ತನ್ನ ಮಾತನ್ನು ಹೆಣೆಯುತ್ತಿದ್ದ.

ಸ್ಲಿಮ್ ಸ್ಮಿತ್ ಮತ್ತು ಯುನೀಕ್ಸ್ ತಂಡದವರು 1968ರಲ್ಲಿ ‘ಮೈ ಕಾನ್ವರ್ಸೇಷನ್’ ಎಂಬ ಹಾಡು ಹಾಡಿದ್ದರು. ಅದೊಂದೇ ಹಿಮ್ಮೇಳದ ಮೇಲಿನ ಬೇರೆ ಬೇರೆ ಹಾಡುಗಳನ್ನು ರೂಪಿ ಎಡ್ವರ್ಡ್ಸ್ 1974ರಲ್ಲಿ ‘ಯಮಾಹಾ ಸ್ಕ್ಯಾಂಕ್’ ಎಂಬ ಹೆಸರಿನಲ್ಲಿ ಒಟ್ಟುಗೂಡಿಸಿದ. ಈ ಬಗೆಯ ಸಂಕಲನಗಳಲ್ಲಿ ಇದೇ ಮೊದಲಿನದೆಂದು ಸಾಮಾನ್ಯವಾಗಿ ಹೇಳುತ್ತಾರೆ.

ಇಂಥದನ್ನು ಮೊದಲ ಸಲ ಕೇಳುವವರಿಗೆ ಬೇಸರವಾಗುವುದು ಸಹಜ. ಸ್ವಲ್ಪ ತಾಳಿಕೊಳ್ಳಿ. ಎರಡು ಹಾಡು ಮುಗಿಯುವ ವೇಳೆಗೆ ಹಿಮ್ಮೇಳ ಕಿವಿಗೆ ನೆಲದಂತಾಗುತ್ತದೆ. ಆಮೇಲೆ ತಿಳಿಯುತ್ತದೆ, ಯಾರು ತಾಳಕ್ಕೆ ತುಸು ಹಿಂದೆ ಜಗ್ಗುತ್ತಾರೆ, ಯಾರು ಮುಂದೆ ಓಡುತ್ತಾರೆ, ಯಾರು ಸುಮ್ಮನಿದ್ದೇ ಗೆಲ್ಲುತ್ತಾರೆ ಎಂಬುದು. ವಾದ್ಯದ ಸೊಗಸಿನಲ್ಲಿ ಬಡ ಕಂಠವನ್ನು ಮುಚ್ಚುವಂತಿಲ್ಲ. ಪಕ್ಕದವನಿಗೂ ಅದೇ ಸೊಗಸು ದೊರೆತಿದೆಯಲ್ಲ!

ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ನಾವು ಎರವಲು ಪಡೆದದ್ದು ಮಟ್ಟನ್ನು. ನಮ್ಮ ಮೇಷ್ಟರು ಅದನ್ನು ಪ್ರತಿ ನಾಟಕದಲ್ಲೂ ಹೊಸದಾಗಿ ನುಡಿಸುತ್ತಾರೆ, ಪ್ರತಿ ನಾಟಕಕ್ಕೂ ಸಂಭಾವನೆ ಪಡೆಯುತ್ತಾರೆ. ಜಮೈಕಾದಲ್ಲಿ ಎರವಲಾದದ್ದು ಒಬ್ಬನ ಬೆರಳು ಒಂದು ದಿನ ನುಡಿಸಿದ ನಾದವೇ. ಅವನ ಕೈಗೆ ಸಾಮಾನ್ಯವಾಗಿ ಬಂದದ್ದು ಅಂದಿನ ಕೂಲಿ ಮಾತ್ರ. ಅದೇ ನಾದದ ಮೇಲೆ ಹತ್ತಾರು ತಟ್ಟೆಗಳು ಮಾರಾಟವಾದವು. ತಟ್ಟೆಯ ನಡುವಿನ ಚೀಟಿಯಲ್ಲಿ ಹಾಡುಗಾರನ ಹೆಸರಿರುತ್ತಿತ್ತು, ಡ್ರಮ್ಮು ಬಾರಿಸಿದವನದು ಎಷ್ಟೋ ವೇಳೆ ಇರುತ್ತಿರಲಿಲ್ಲ. ಆ ದೇಶದಲ್ಲಿ ಹೊಸ ಕೃತಿಸ್ವಾಮ್ಯ ಕಾನೂನು ಬಂದದ್ದು 1993ರಲ್ಲಿ.

ಅಷ್ಟರಲ್ಲಿ ನುಡಿಸುವವನೇ ಬೇಡವೆಂಬ ಕಾಲವೂ ಬಂದಿತ್ತು. 1985ರಲ್ಲಿ ವೇನ್ ಸ್ಮಿತ್ ಹಾಡಿದ ‘ಸ್ಲೆಂಗ್ ಟೆಂಗ್’ ಹಾಡಿಗೆ ಆಧಾರ, ಕ್ಯಾಸಿಯೋ ಕಂಪೆನಿಯ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟಿದ್ದ ಒಂದು ತಾಳ. ಅದರ ಮೇಲೆ ಮುಂದೆ ನೂರಾರು ಹಾಡುಗಳು ಹುಟ್ಟಿದವು. ಆ ತಾಳವನ್ನು ವಾದ್ಯದೊಳಗೆ ಕೂಡಿಸಿದವರು ಜಪಾನಿನಲ್ಲಿ ಕೆಲಸಕ್ಕೆ ಹೊಸದಾಗಿ ಸೇರಿದ್ದ ಒಕುದಾ ಹಿರೋಕೊ ಎಂಬ ಯುವತಿ. ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಅದಕ್ಕೆ ಕುಣಿದವರಲ್ಲಿ ಎಷ್ಟು ಮಂದಿಗೆ ಆಕೆಯ ಹೆಸರು ಗೊತ್ತಿತ್ತೋ!