ಲಂಡನ್ ಬೆಲೆ, ಬ್ರಸೆಲ್ಸ್ ಕಾನೂನು ಮತ್ತು ನಮ್ಮ ಎರಡೆಕರೆ ತೋಟ



ನಮ್ಮ ಸಂಘದ ಕಳೆದ ಮಹಾಸಭೆಯಲ್ಲಿ ಅರಕಲಗೂಡು ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಒಂದು ಪ್ರಶ್ನೆ ಕೇಳಿದರು. "ಸೆಕ್ರೆಟ್ರಿಗಳೇ, ನನ್ನದು ಎರಡೆಕರೆ ಕಾಫಿ, ಒಂದೆಕರೆ ಅಡಿಕೆ. ಆ ಬ್ರಸೆಲ್ಸ್ ಅನ್ನೋದು ಎಲ್ಲಿದೆಯೋ ನಾನು ಕಾಣೆ. ಅಲ್ಲಿಯವರಿಗೆ ನನ್ನ ತೋಟದ ನಕ್ಷೆ ಯಾಕೆ ಬೇಕಂತೆ?" ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಊಟದ ಹೊತ್ತಾಗಿದ್ದರಿಂದ ಎರಡು ಮಾತಿನಲ್ಲಿ ಉತ್ತರ ಹೇಳಿ ಮುಗಿಸಿದೆ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನಗುವಂಥದ್ದಲ್ಲ ಎನ್ನಿಸಿತು. ಅಂದು ಕೊಡಬೇಕಾಗಿದ್ದ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಾಫಿಗೆ ನಾವು ಎಂದೂ ಬೆಲೆ ಕಟ್ಟಿದವರಲ್ಲ. ಮೊದಲು ಮಂಡಳಿ ಕಟ್ಟಿತು, ಈಗ ಲಂಡನ್ ಮತ್ತು ನ್ಯೂಯಾರ್ಕಿನ ಪೇಟೆಗಳು ಕಟ್ಟುತ್ತವೆ. ಹೀಗಿರುವಾಗ ದೇಶ ದೇಶಗಳ ನಡುವಿನ ವ್ಯಾಪಾರ ನೀತಿ ದೊಡ್ಡವರ ವಿಷಯ, ನಮಗೇಕೆ ಎಂದು ಕೈತೊಳೆದುಕೊಳ್ಳುವುದು ಸರಿಯಲ್ಲ. ಆ ನೀತಿ ಬದಲಾದಾಗಲೆಲ್ಲ ಮೊದಲು ಪೆಟ್ಟು ಬಿದ್ದದ್ದು ಸಣ್ಣ ಬೆಳೆಗಾರನ ಕಣದ ಮೇಲೆಯೇ.

ಕೋಟಾ ಇದ್ದ ಕಾಲ

ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಕೈತಪ್ಪಿದಾಗ ಕಾಫಿ ಕೇಳುವವರಿಲ್ಲದಂತಾಯಿತು. ಅದಕ್ಕೆ ಪರಿಹಾರವಾಗಿ ಬಂದದ್ದು 1942ರ ಕಾಫಿ ಕಾಯಿದೆ ಮತ್ತು ಕಾಫಿ ಮಂಡಳಿಯ ಪೂಲ್ ಪದ್ಧತಿ. ಬೆಳೆದ ಕಾಫಿಯನ್ನೆಲ್ಲ ಮಂಡಳಿಗೆ ಒಪ್ಪಿಸಬೇಕು. ಮಂಡಳಿ ಹರಾಜಿನಲ್ಲಿ ಮಾರಿ, ಖರ್ಚು ಕಳೆದು, ದರ್ಜೆಗೆ ತಕ್ಕ ಪಾಯಿಂಟಿನ ಲೆಕ್ಕದಲ್ಲಿ ಕಂತು ಕಂತಾಗಿ ಹಣ ಕೊಡುತ್ತಿತ್ತು. ಒಂದು ವರ್ಷದ ಬೆಳೆಯ ಕೊನೆಯ ಕಂತು ಬರುವಷ್ಟರಲ್ಲಿ ಮುಂದಿನ ಬೆಳೆಯೂ ಕಣಕ್ಕೆ ಬಂದಿರುತ್ತಿತ್ತು.

ಹೊರಗೆ ಇನ್ನೊಂದು ವ್ಯವಸ್ಥೆಯಿತ್ತು. 1962ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದವಾಯಿತು. ಬೆಳೆಯುವ ದೇಶಗಳೂ ಕೊಳ್ಳುವ ದೇಶಗಳೂ ಒಟ್ಟಿಗೆ ಕೂತು, ಯಾವ ದೇಶ ಎಷ್ಟು ರಫ್ತು ಮಾಡಬಹುದೆಂದು ಕೋಟಾ ಹಂಚಿಕೊಂಡವು. ಬೆಲೆ ಇಳಿದರೆ ಕೋಟಾ ಬಿಗಿ ಮಾಡುವುದು, ಏರಿದರೆ ಸಡಿಲಿಸುವುದು ಇದರ ಸೂತ್ರ. 1975ರ ಜುಲೈಯಲ್ಲಿ ಬ್ರೆಜಿಲ್ಲಿನ ತೋಟಗಳು ಹಿಮಕ್ಕೆ ಸುಟ್ಟುಹೋಗಿ, 1977ರಲ್ಲಿ ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 3 ಡಾಲರ್ ದಾಟಿದಾಗ ಕೋಟಾ ಜಾರಿಯಲ್ಲಿರಲಿಲ್ಲ. 1980ರಲ್ಲಿ ಮತ್ತೆ ಬಂತು. ಆ ದಶಕದಲ್ಲಿ ಒಪ್ಪಂದ ಗುರಿ ಇಟ್ಟುಕೊಂಡಿದ್ದ ಬೆಲೆ ಪೌಂಡಿಗೆ 120ರಿಂದ 140 ಸೆಂಟ್. ಕೋಟಾ ಮೀರಿದ ಸರಕನ್ನು ಒಪ್ಪಂದದ ಹೊರಗಿನ ದೇಶಗಳಿಗೆ ಮಾರಬಹುದಾಗಿತ್ತು. ನಮ್ಮ ಪಾಲಿಗೆ ಆ ಗಿರಾಕಿ ಸೋವಿಯತ್ ರಷ್ಯಾ.

ಈ ಎರಡು ವ್ಯವಸ್ಥೆಗಳಲ್ಲಿ ದೋಷವಿರಲಿಲ್ಲವೆಂದಲ್ಲ. ಹಣ ತಡವಾಗಿ ಬರುತ್ತಿತ್ತು, ಒಳ್ಳೆಯ ಮಾಲಿಗೂ ಸಾಧಾರಣ ಮಾಲಿಗೂ ಬೆಲೆಯಲ್ಲಿ ಹೇಳಿಕೊಳ್ಳುವ ಅಂತರವಿರಲಿಲ್ಲ. ಆದರೆ ಎರಡೆಕರೆಯವನ ಚೆರಿಗೂ ಇನ್ನೂರೆಕರೆ ಎಸ್ಟೇಟಿನ ಚೆರಿಗೂ ಒಂದೇ ಪಾಯಿಂಟು. ಚಿಕ್ಕವನೆಂದು ಯಾರೂ ತೂಕದಲ್ಲಿ ಕಡಿಮೆ ಮಾಡುವಂತಿರಲಿಲ್ಲ.

1989ರ ಜುಲೈ ಮತ್ತು ಅನಂತರ

1989ರ ಜುಲೈ 4ರಂದು ಕೋಟಾ ಬಿದ್ದುಹೋಯಿತು. ಕೊಳ್ಳುವ ದೇಶಗಳಿಗೆ ಒಪ್ಪಂದ ಬೇಡವಾಗಿತ್ತು, ಬೆಳೆಯುವ ದೇಶಗಳಲ್ಲಿ ಪಾಲಿನ ಬಗ್ಗೆ ಒಮ್ಮತವಿರಲಿಲ್ಲ. ಕೆಲವೇ ತಿಂಗಳಲ್ಲಿ ಪ್ರಪಂಚದ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ನಾನಾಗ ಕಾಲೇಜು ಹುಡುಗ. ಲಂಡನ್ನಿನಲ್ಲಿ ಮುರಿದ ಮಾತುಕತೆಯಿಂದ ಹಾಸನದ ನಮ್ಮ ಹಾಸ್ಟೆಲ್ ಫೀಸು ಕಟ್ಟುವುದು ತಡವಾಗಬಹುದೆಂಬುದು ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೂ ಒಡೆಯಿತು. ದೊಡ್ಡ ಗಿರಾಕಿಯೂ ಹೋದ.

ಇತ್ತ ದೇಶದೊಳಗೆ ಪೂಲ್ ಸಡಿಲವಾಯಿತು. 1992-93ರಲ್ಲಿ ಬೆಳೆಯ ಶೇಕಡಾ 30 ಭಾಗವನ್ನು ದೇಶದೊಳಗೆ ಸ್ವಂತ ಮಾರಲು ಬಿಟ್ಟರು. ಮರುವರ್ಷ ಮುಕ್ತ ಮಾರಾಟದ ಕೋಟಾ ಬಂತು. 1996ರ ಸೆಪ್ಟೆಂಬರಿನಲ್ಲಿ ಎಲ್ಲರಿಗೂ ಪೂರ್ಣ ಸ್ವಾತಂತ್ರ್ಯ ಸಿಕ್ಕಿತು. 1994ರಲ್ಲಿ ಬ್ರೆಜಿಲ್ಲಿಗೆ ಮತ್ತೆ ಹಿಮ ಬಿದ್ದು ಬೆಲೆ ಏರಿದ್ದರಿಂದ ಆ ಸ್ವಾತಂತ್ರ್ಯ ಬಹಳ ಸಿಹಿಯಾಗಿ ಕಂಡಿತು. ಹಣ ಕಣದಲ್ಲೇ ಕೈಗೆ ಬಂತು. ಮನೆಗಳಿಗೆ ತಾರಸಿ ಬಂತು, ಅಂಗಳಕ್ಕೆ ಜೀಪು ಬಂತು.

ಆದರೆ ಮಾರುವ ಹಕ್ಕು ಬಂದಷ್ಟು ಬೇಗ ಮಾರುವ ವಿದ್ಯೆ ನಮಗೆ ಬರಲಿಲ್ಲ. ನನ್ನದೇ ಉದಾಹರಣೆ ಹೇಳುತ್ತೇನೆ. ಆ ವರ್ಷಗಳಲ್ಲಿ ಒಮ್ಮೆ ಔಟ್‌ಟರ್ನ್ ಪರೀಕ್ಷೆ ಮಾಡಿಸದೆ, ಮನೆಬಾಗಿಲಿಗೆ ಬಂದ ವ್ಯಾಪಾರಿ ಹೇಳಿದ 24 ಕಿಲೋ ಲೆಕ್ಕಕ್ಕೆ ಒಪ್ಪಿ ಚೆರಿ ಕೊಟ್ಟೆ. ಅದೇ ಕಣದ ಉಳಿದ ಮೂಟೆಗಳನ್ನು ಹಲ್ಲಿಂಗ್ ಮಾಡಿಸಿ ನೋಡಿದಾಗ 27 ಬಂತು. ಐವತ್ತು ಕಿಲೋ ಮೂಟೆಯೊಂದಕ್ಕೆ ಮೂರು ಕಿಲೋ ಬೇಳೆ ದಾನ ಮಾಡಿದ್ದೆ. ಡಿಗ್ರಿ ಓದಿದವನ ಪಾಡೇ ಹೀಗಾದರೆ!

ಆ ಮೇಲೆ ಬಂದದ್ದು ವಿಯೆಟ್ನಾಂ. 1980ರಲ್ಲಿ ಕಾಫಿಯ ಲೆಕ್ಕದಲ್ಲೇ ಇಲ್ಲದಿದ್ದ ಆ ದೇಶ ಇಪ್ಪತ್ತು ವರ್ಷಗಳಲ್ಲಿ ಪ್ರಪಂಚದ ಎರಡನೆಯ ಸ್ಥಾನಕ್ಕೇರಿತು. ಅಲ್ಲಿ ಬೆಳೆದವರೂ ನಮ್ಮಂತೆ ಸಣ್ಣ ಹಿಡುವಳಿದಾರರೇ. 2001ರಲ್ಲಿ ಲಂಡನ್ನಿನಲ್ಲಿ ರೊಬಸ್ಟಾ ಟನ್ನಿಗೆ 400 ಡಾಲರಿಗೂ ಕೆಳಗೆ, ನ್ಯೂಯಾರ್ಕಿನಲ್ಲಿ ಅರೇಬಿಕಾ ಪೌಂಡಿಗೆ 45 ಸೆಂಟಿಗೂ ಕೆಳಗೆ ಬಿತ್ತು. ಕೊಯ್ಲಿನ ಕೂಲಿಯೂ ಹುಟ್ಟದೆ ಹಣ್ಣು ಗಿಡದಲ್ಲೇ ಕಪ್ಪಾದ ತೋಟಗಳನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. 2003ರಲ್ಲಿ ಕೇಂದ್ರ ಸರ್ಕಾರ 4 ಹೆಕ್ಟೇರ್‌ವರೆಗಿನ ಕಾಫಿ, ಚಹ, ರಬ್ಬರ್, ತಂಬಾಕು ಬೆಳೆಗಾರರಿಗೆಂದು ಬೆಲೆ ಸ್ಥಿರೀಕರಣ ನಿಧಿ ಸ್ಥಾಪಿಸಿತು. ಉದ್ದೇಶ ಒಳ್ಳೆಯದೇ. ಆದರೆ ಸೇರಿದವರು ಕಡಿಮೆ. ಹತ್ತು ವರ್ಷ ನಡೆದು 2013ರಲ್ಲಿ ಅದು ಮುಗಿಯಿತು.

ಕಾಲ ತಿರುಗಿತು. ಅದೇ ರೊಬಸ್ಟಾ 2025ರ ಆರಂಭದಲ್ಲಿ 5500 ಡಾಲರ್ ದಾಟಿತು. ಸಂತೋಷವೇ. ಆದರೆ ಆ ಬೆಲೆ ಯಾರಿಗೆ ಸಿಕ್ಕಿತು? ಕಣವೂ ಗೋದಾಮೂ ಇದ್ದು, ಕಾಯುವ ಶಕ್ತಿ ಇದ್ದವರಿಗೆ ಸಿಕ್ಕಿತು. ಸಾಲದ ಕಂತಿಗೆ, ಮಗಳ ಮದುವೆಗೆ ಹಸಿಹಣ್ಣನ್ನೇ ತೂಗಿ ಕೊಟ್ಟವರಿಗೆ ಅದರ ಒಂದು ಪಾಲು ಮಾತ್ರ ಸಿಕ್ಕಿತು. ಹಣ್ಣು ಕೊಯ್ದ ಕೂಲಿಯವರಿಗೆ ಎಷ್ಟು ಸಿಕ್ಕಿತೆಂದು ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು. ಎಲ್ಲರನ್ನೂ ಒಳಗೊಳ್ಳುವ ಅಭಿವೃದ್ಧಿ ಬೇಕೆಂದು ಸರ್ಕಾರವನ್ನು ಕೇಳುವವರು ನಮ್ಮ ತೋಟದ ಗೇಟಿನಲ್ಲಿ ಆ ಮಾತು ಮರೆಯಬಾರದು.

ಅಡಿಕೆಗೆ ಹಾಕಿದ ಬೇಲಿ

ಕಾಫಿ ಹೊರದೇಶಕ್ಕೆ ಹೋಗುವ ಬೆಳೆ, ಅಡಿಕೆ ಹೊರದೇಶದಿಂದ ಬಂದು ಕಾಡುವ ಬೆಳೆ. ಹೇಮಾವತಿ ನಾಲೆಯ ನೀರು ಮತ್ತು ಕೊಳವೆಬಾವಿಗಳನ್ನು ನಂಬಿ ಹೊಳೆನರಸೀಪುರ, ಚನ್ನರಾಯಪಟ್ಟಣದ ಕಡೆ ಇತ್ತೀಚಿನ ವರ್ಷಗಳಲ್ಲಿ ಅಡಿಕೆ ಹಾಕಿದವರು ಈ ಭಾಗವನ್ನು ಗಮನವಿಟ್ಟು ಓದಬೇಕು.

ಅಡಿಕೆಯ ಆಮದಿಗೆ ಎರಡು ಬೇಲಿಗಳಿವೆ. ಒಂದು, ಶೇಕಡಾ 100ರ ಆಮದು ಸುಂಕ. ಇನ್ನೊಂದು, ಕನಿಷ್ಠ ಆಮದು ಬೆಲೆ. 2017ರಲ್ಲಿ ಇದು ಕಿಲೋಗೆ 251 ರೂಪಾಯಿ ಆಗಿತ್ತು, 2023ರ ಫೆಬ್ರವರಿಯಲ್ಲಿ 351 ರೂಪಾಯಿಗೆ ಏರಿತು. ಎರಡೂ ಬೇಲಿ ಭದ್ರವಾಗಿದ್ದರೆ ಹೊರಗಿನ ಅಡಿಕೆ, ಬೇರೆ ತೆರಿಗೆ ಬಿಟ್ಟು, 702 ರೂಪಾಯಿಗಿಂತ ಕಡಿಮೆಗೆ ಒಳಗೆ ಬರುವಂತಿಲ್ಲ.

ಬೇಲಿಗೆ ಗಂಡಿ ಬಿದ್ದಿರುವುದು ಎಲ್ಲಿ? ಶ್ರೀಲಂಕಾದೊಡನೆ 2000ದಿಂದಲೂ, ಸಾರ್ಕ್ ರಾಷ್ಟ್ರಗಳೊಡನೆ 2006ರಿಂದಲೂ ವ್ಯಾಪಾರ ಒಪ್ಪಂದಗಳಿವೆ. ಈ ಒಪ್ಪಂದಗಳಡಿ ಬರುವ ಮಾಲಿಗೆ ಸುಂಕದಲ್ಲಿ ರಿಯಾಯಿತಿ, ಹಿಂದುಳಿದ ರಾಷ್ಟ್ರಗಳಿಗೆ ಪೂರ್ತಿ ವಿನಾಯಿತಿ. ಆಗ 351 ರೂಪಾಯಿಯ ಬೇಲಿಯೊಂದೇ ಉಳಿಯುತ್ತದೆ. ಆದ್ದರಿಂದ ಅಡಿಕೆ ಎಲ್ಲಿ ಬೆಳೆದದ್ದು ಎಂಬ ಪ್ರಮಾಣಪತ್ರಕ್ಕೆ ಅಡಿಕೆಯಷ್ಟೇ ಬೆಲೆ ಬಂದುಬಿಟ್ಟಿದೆ. ಇಂಡೋನೇಷ್ಯಾ, ಮ್ಯಾನ್ಮಾರ್‌ಗಳ ಅಡಿಕೆ ನೆರೆದೇಶದ ಕಾಗದ ಹೊತ್ತು ಬರುತ್ತದೆಂಬ ದೂರು ಬಹಳ ಹಳೆಯದು. 2020ರ ಸೆಪ್ಟೆಂಬರಿನಿಂದ ಮೂಲದ ಬಗ್ಗೆ ಆಮದುದಾರನೇ ಪುರಾವೆ ಇಟ್ಟುಕೊಳ್ಳಬೇಕೆಂಬ ನಿಯಮ ಬಂದಿದೆ. ನಾವು ಒತ್ತಾಯ ಮಾಡಬೇಕಾದದ್ದು ಈ ನಿಯಮದ ಕಟ್ಟುನಿಟ್ಟಾದ ಪಾಲನೆಯನ್ನು.

2022ರಲ್ಲಿ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಬೆಲೆಯ ನಿಬಂಧನೆಯಿಲ್ಲದೆ ತರಲು ಸರ್ಕಾರ ಒಪ್ಪಿದಾಗ ಮಲೆನಾಡಿನಲ್ಲಿ ದೊಡ್ಡ ಗದ್ದಲವಾಯಿತು. ಆತಂಕ ಸಹಜ. ಆದರೆ ಭೂತಾನದ ಬೆಳೆಗಾರನೂ ಸಣ್ಣವನೇ, ತನ್ನ ಬೆಳೆ ತಾನು ಮಾರುತ್ತಾನೆ. ನಮ್ಮ ಜಗಳ ಅವನೊಡನೆ ಅಲ್ಲ. ಅವನ ಹೆಸರಿನಲ್ಲಿ ಮೂರನೆಯ ದೇಶದ ಮಾಲು ಸಾಗಿಸುವವನೊಡನೆ.

ಅಡಿಕೆಯ ಬೆಲೆ ಕುಸಿದ ದಿನಗಳಲ್ಲಿ ನಮ್ಮವರು ಬರಿಯ ಮನವಿ ಬರೆದು ಕೂರಲಿಲ್ಲ ಎಂಬುದನ್ನೂ ನೆನೆಯಬೇಕು. 1973ರ ಜುಲೈ 11ರಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿತು. ವಾರಣಾಶಿ ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಕರ್ನಾಟಕ, ಕೇರಳ ಎರಡೂ ರಾಜ್ಯಗಳ ಬೆಳೆಗಾರರು ಸೇರಿ ಕಟ್ಟಿದ ಸಹಕಾರ ಸಂಸ್ಥೆ ಅದು. ಮುಂದೆ ಕೋಕೋ ಕೊಳ್ಳುವವರಿಲ್ಲದಾದಾಗ ತಾನೇ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಪೇಟೆಯಲ್ಲಿ ಸಹಕಾರ ಸಂಘದ ಒಂದು ತಕ್ಕಡಿ ಇದ್ದರೆ ಉಳಿದ ತಕ್ಕಡಿಗಳೂ ನೆಟ್ಟಗಾಗುತ್ತವೆ.

ಬ್ರಸೆಲ್ಸಿನ ಕಾನೂನು

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರೋಣ. ಭಾರತದ ಕಾಫಿಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ. ಇಟಲಿ, ಜರ್ಮನಿ, ಬೆಲ್ಜಿಯಂ ನಮ್ಮ ಮೊದಲ ಸಾಲಿನ ಗಿರಾಕಿಗಳು. ಇವೆಲ್ಲ ಯೂರೋಪಿಯನ್ ಒಕ್ಕೂಟದ ದೇಶಗಳು. ಆ ಒಕ್ಕೂಟ 2023ರಲ್ಲಿ ಒಂದು ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೋ, ರಬ್ಬರ್, ತಾಳೆ, ಸೋಯಾ, ಮರ, ದನದ ಮಾಲು ಅಲ್ಲಿಗೆ ಬರಕೂಡದು. ಬರುವ ಪ್ರತಿ ಮಾಲು ಯಾವ ತೋಟದ್ದೆಂದು ಅಕ್ಷಾಂಶ ರೇಖಾಂಶ ಸಮೇತ ಹೇಳಬೇಕು. ಜೊತೆಗೆ ಅದು ಆಯಾ ದೇಶದ ಕಾನೂನಿನಂತೆ, ಜಮೀನಿನ ಹಕ್ಕಿನ ವಿಷಯವೂ ಸೇರಿ, ಬೆಳೆದದ್ದಾಗಿರಬೇಕು. ಕಾನೂನಿನ ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ. ಮುಂದೂಡಿದ್ದಾರೆಯೇ ಹೊರತು ರದ್ದು ಮಾಡಿಲ್ಲ.

ಹೆದರಬೇಕಾದ್ದಿಲ್ಲ. ಮರದ ನೆರಳಿನಲ್ಲಿ ಬೆಳೆಯುವ ತೋಟ ಕೃಷಿ ಭೂಮಿಯೇ ಎಂದು ಆ ಕಾನೂನೇ ಒಪ್ಪುತ್ತದೆ. 4 ಹೆಕ್ಟೇರಿಗಿಂತ ಚಿಕ್ಕ ತೋಟಕ್ಕೆ ಗಡಿಯ ನಕ್ಷೆ ಬೇಡ, ಒಂದು ಬಿಂದುವಿನ ಗುರುತು ಸಾಕು. 2025ರ ಮೇ ತಿಂಗಳಲ್ಲಿ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿದ್ದಾರೆ. ಹಾಗಿದ್ದೂ ತೋಟದ ಗುರುತು ಕೊಡುವುದು ತಪ್ಪಿಲ್ಲ.

ನನಗೆ ಚಿಂತೆ ಇರುವುದು ಬೇರೆ ಕಡೆ. ದೊಡ್ಡ ಎಸ್ಟೇಟುಗಳಿಗೆ ಸರ್ವೆ ನಕ್ಷೆ, ಗುಮಾಸ್ತರು, ಕಂಪ್ಯೂಟರು ಎಲ್ಲವೂ ಇವೆ. ನಮ್ಮಲ್ಲಿ ಎಷ್ಟೋ ಜನರ ಪಹಣಿ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಪಾಲು ಮಾಡಿಕೊಂಡು ಬೇಲಿ ಹಾಕಿಕೊಂಡಿದ್ದಾರೆ, ಕಾಗದದಲ್ಲಿ ಒಂದೇ ಸರ್ವೆ ನಂಬರು. ಮಾಲು ಕೊಳ್ಳುವವನು ಇಪ್ಪತ್ತು ಮನೆಯ ಚೆರಿಯನ್ನು ಒಂದೇ ಲಾರಿಗೆ ತುಂಬುತ್ತಾನೆ. ನಾಳೆ ದಾಖಲೆ ಇರುವ ಮಾಲಿಗೆ ಒಂದು ಬೆಲೆ, ಇಲ್ಲದ ಮಾಲಿಗೆ ಇನ್ನೊಂದು ಬೆಲೆ ಆದರೆ, ಕಾಡು ಕಡಿಯದಿದ್ದರೂ ದಂಡ ತೆರುವವರು ನಾವೇ. ಕಾಡು ಉಳಿಸುವ ಕಾನೂನು ಕಾಗದವಿಲ್ಲದ ಬಡವನನ್ನು ಪೇಟೆಯಿಂದ ಹೊರಗೆ ನಿಲ್ಲಿಸಬಾರದು. ಇದನ್ನು ನಮ್ಮ ಸರ್ಕಾರ ಆ ಮೇಜಿನ ಮುಂದೆ ಹೇಳಬೇಕು. ನಾವು ನಮ್ಮ ಮನೆಯ ಕೆಲಸ ಮಾಡಿಕೊಳ್ಳಬೇಕು.

ನಾವು ಮಾಡಬೇಕಾದದ್ದು

ಮೊದಲನೆಯದು, ಪೌತಿ ಖಾತೆ. ತಾತನ ಹೆಸರಿನಲ್ಲಿರುವ ಪಹಣಿಯನ್ನು ಈ ಕೊಯ್ಲಿಗೆ ಮೊದಲು ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ. ವಂಶವೃಕ್ಷ, ಮರಣ ಪ್ರಮಾಣಪತ್ರ ಹೊಂದಿಸಿಕೊಳ್ಳಲು ಸಂಘದ ಕಛೇರಿಯಲ್ಲಿ ಸಹಾಯ ಮಾಡುತ್ತೇವೆ. ಇದು ಬ್ರಸೆಲ್ಸಿಗಾಗಿ ಅಲ್ಲ. ಬ್ಯಾಂಕ್ ಸಾಲಕ್ಕೂ, ಮಳೆ ಹಾನಿ ಪರಿಹಾರಕ್ಕೂ ಇದೇ ಬೇಕು.

ಎರಡನೆಯದು, ತೋಟದ ಗುರುತು. ಕಾಫಿ ಮಂಡಳಿಯಲ್ಲಿ ನೋಂದಣಿಯಾಗಿ ಮೊಬೈಲಿನಲ್ಲೇ ತೋಟದ ಸ್ಥಾನ ದಾಖಲಿಸಬಹುದು. ಮೊಬೈಲ್ ಬಳಕೆ ಗೊತ್ತಿರುವ ಮಕ್ಕಳೋ ಮೊಮ್ಮಕ್ಕಳೋ ಇದ್ದರೆ ಅವರನ್ನು ತೋಟಕ್ಕೆ ಕರೆದೊಯ್ಯಿರಿ. ಇಲ್ಲದಿದ್ದರೆ ಸಂಘಕ್ಕೆ ಹೇಳಿ ಕಳಿಸಿ.

ಮೂರನೆಯದು, ಔಟ್‌ಟರ್ನ್ ಮತ್ತು ತೇವಾಂಶ ಪರೀಕ್ಷೆ ಮಾಡಿಸದೆ ಒಂದು ಮೂಟೆಯನ್ನೂ ಕೊಡಬೇಡಿ. ನನ್ನ ಮೂರು ಕಿಲೋ ದಾನದ ಕಥೆ ನಿಮ್ಮದಾಗದಿರಲಿ.

ನಾಲ್ಕನೆಯದು, ಹತ್ತು ಮನೆಯವರು ಸೇರಿ ಒಂದು ಕಣ, ಒಂದು ಲಾಟು. ಗುರುತಿರುವ, ಒಂದೇ ಗುಣಮಟ್ಟದ ಹತ್ತು ಟನ್ ಕಾಫಿಯ ಮಾತನ್ನು ಕ್ಯೂರಿಂಗ್ ವರ್ಕ್ಸಿನವರು ಕೇಳುತ್ತಾರೆ. ಒಬ್ಬನ ಹತ್ತು ಮೂಟೆಯ ಮಾತನ್ನು ಯಾರೂ ಕೇಳುವುದಿಲ್ಲ.

ಪೂಲ್ ಮತ್ತೆ ಬರುವುದಿಲ್ಲ, ಕೋಟಾ ಮತ್ತೆ ಬರುವುದಿಲ್ಲ. ಆ ದಿನಗಳಲ್ಲಿ ಸರ್ಕಾರ ನಮ್ಮೆಲ್ಲರನ್ನೂ ಒಂದು ಲೆಕ್ಕಕ್ಕೆ ಸೇರಿಸಿತ್ತು. ಇನ್ನು ಮುಂದೆ ನಮ್ಮನ್ನು ನಾವೇ ಸೇರಿಸಿಕೊಳ್ಳಬೇಕು. ಅಂದು ಪ್ರಶ್ನೆ ಕೇಳಿದ ಅರಕಲಗೂಡಿನ ಹಿರಿಯರು ಮೊನ್ನೆ ಮೊಮ್ಮಗನೊಡನೆ ಕಛೇರಿಗೆ ಬಂದಿದ್ದರು. ಕೈಯಲ್ಲಿ ಪಹಣಿ ಇತ್ತು. ಅದು ಅವರ ತಂದೆಯ ಹೆಸರಿನಲ್ಲಿತ್ತು. ಅರ್ಜಿ ಬರೆದು ಕೊಟ್ಟೆವು. ನೀವು ಯಾವಾಗ ಬರುತ್ತೀರಿ?

ಕಾರ್ಯದರ್ಶಿ