ಕಾಫಿ ಸೀಮೆಗೆ ಬಂದ ಗಣಕದ ನುಡಿಗಳು

ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಕಾಫಿತೋಟಗಳಲ್ಲಿ ಆಳುಗಳು ಬೆಳಗಿನ ಕೆಲಸಕ್ಕೆ ಹೊರಡುವುದಕ್ಕೆ ಮುಂಚೆ ಮೇಸ್ತ್ರಿಯು ಆಕಾಶದ ಮೋಡವನ್ನು ನೋಡುವಷ್ಟೇ ಶ್ರದ್ಧೆಯಿಂದ ತನ್ನ ಫೋನನ್ನೂ ನೋಡಿಕೊಳ್ಳುತ್ತಾನೆ. ಯಾವ ಊರಿನ ಯಾವ ತೋಟದಲ್ಲಿ ಆನೆಗಳು ನಿಂತಿವೆ, ಒಂಟಿ ಸಲಗವೋ ಮರಿಗಳಿರುವ ಗುಂಪೋ ಎಂಬ ಸಂದೇಶವು ಬಂದಿದ್ದರೆ ಆ ದಿನದ ಕೆಲಸದ ದಿಕ್ಕೇ ಬದಲಾಗುತ್ತದೆ. ಅದೇ ತೋಟದ ಲೆಕ್ಕ ಬರೆಯುವ ರೈಟರು ಮಧ್ಯಾಹ್ನದ ಹೊತ್ತಿಗೆ ಆಳುಗಳ ಹಾಜರಿಯ ಚೆಕ್‌ರೋಲನ್ನು ಕಂಪ್ಯೂಟರಿಗೆ ಏರಿಸುತ್ತಾ, ಲಂಡನ್ನಿನ ರೊಬಸ್ಟಾ ಧಾರಣೆಯನ್ನೂ ನ್ಯೂಯಾರ್ಕಿನ ಅರೇಬಿಕಾ ಧಾರಣೆಯನ್ನೂ ಫೋನಿನಲ್ಲಿ ಪರಿಶೀಲಿಸುತ್ತಾ, ಯಾರೋ ಕೇಳಿದ ಓಟಿಪಿಯನ್ನು ಹೇಳಬೇಕೋ ಬೇಡವೋ ಎಂದು ಅನುಮಾನಿಸುತ್ತಾ ಇರುತ್ತಾರೆ. ಜಿಪಿಎಸ್, ಸರ್ವರ್, ಡೇಟಾ, ಕ್ಲೌಡ್, ಆ್ಯಪ್ ಎಂಬೀ ಶಬ್ದಗಳು ಹೀಗೆ ಮಲೆನಾಡಿನ ನಿತ್ಯವ್ಯವಹಾರವನ್ನು ಪ್ರವೇಶಿಸಿ ಬಹುಕಾಲವಾಯಿತು. ಆದರೆ ಅವುಗಳ ಹಿಂದೆ ನಡೆಯುವ ಕಾರ್ಯವೇನೆಂಬುದನ್ನು ಯಾರೂ ನಮ್ಮ ಜನಕ್ಕೆ ಸಾವಧಾನವಾಗಿ ವಿವರಿಸಿಲ್ಲ. ಕಾಡಿನ ಅಂಚಿನಲ್ಲಿ ಬದುಕುವವರಿಗೆ ಈ ಅಜ್ಞಾನದಿಂದ ಹಣಕ್ಕೆ ಮಾತ್ರವೇ ಅಲ್ಲದೆ ಕೆಲವೊಮ್ಮೆ ಪ್ರಾಣಕ್ಕೂ ಅಪಾಯವುಂಟಾದುದರಿಂದ, ಈ ಲೇಖನವನ್ನು ಆನೆಯಿಂದಲೇ ಪ್ರಾರಂಭಿಸುವುದು ಉಚಿತವೆಂದು ನನಗೆ ತೋರುತ್ತದೆ.

ಈ ಸೀಮೆಯಲ್ಲಿ ಆನೆಗಳಿಗೂ ಮನುಷ್ಯರಿಗೂ ನಡೆದಿರುವ ಸಂಘರ್ಷವು ಹಳೆಯದು. ಉಚ್ಚ ನ್ಯಾಯಾಲಯದ ಆದೇಶದಂತೆ ರಚಿತವಾದ ಕರ್ನಾಟಕ ಆನೆ ಕಾರ್ಯಪಡೆಯು 2012ರಲ್ಲಿ ತನ್ನ ವರದಿಯನ್ನು ಸಲ್ಲಿಸಿದ ಬಳಿಕ, 2014ರಲ್ಲಿ ಆಲೂರಿನ ಸುತ್ತಮುತ್ತ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದು ಸೇರಿದುವು. ಹಿಡಿದು ಮುಗಿಯದ ಪ್ರಾಣಿಯೊಡನೆ ಬಾಳಬೇಕಾದರೆ ಅದು ಎಲ್ಲಿದೆಯೆಂಬುದನ್ನು ಬಲ್ಲವರಾಗಿರಬೇಕೆಂಬ ವಿವೇಕವು ಅಲ್ಲಿಂದ ಬೆಳೆದು, ಅರಣ್ಯ ಇಲಾಖೆಯೂ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯೂ ಸೇರಿ ಇಲ್ಲಿ ಮುನ್ನೆಚ್ಚರಿಕೆಯ ವ್ಯವಸ್ಥೆಯೊಂದನ್ನು ಕಟ್ಟಿದುವು: ನೋಂದಾಯಿಸಿಕೊಂಡವರ ಫೋನಿಗೆ ಸಂದೇಶ, ಓದಲಾರದವರಿಗೆ ಧ್ವನಿಕರೆ, ರಸ್ತೆಯ ಬದಿಯಲ್ಲಿ ಬೆಳಗುವ ಸೂಚನಾಫಲಕ. ಕೆಲವು ಆನೆಗಳ ಕೊರಳಿಗೆ, ಅವು ಇರುವ ಸ್ಥಾನವನ್ನು ತಿಳಿಸುವ ರೇಡಿಯೋ ಕಾಲರ್ ಎಂಬ ಪಟ್ಟಿಯನ್ನು ತೊಡಿಸಲಾಯಿತು. ಇದನ್ನು ತೊಡಿಸುವ ಕೆಲಸವು ಎಷ್ಟು ದಾರುಣವಾಗಬಲ್ಲುದೆಂಬುದನ್ನು ನಾಡೆಲ್ಲ ಕಂಡದ್ದು 2023ರ ಡಿಸೆಂಬರ್ 4ರಂದು. ಮೈಸೂರಿನ ದಸರೆಯಲ್ಲಿ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಮಡಿದದ್ದು ಇಂತಹ ಕಾರ್ಯಾಚರಣೆಯ ನಡುವೆಯೇ. ಇಷ್ಟು ಬೆಲೆ ತೆತ್ತು ದೊರಕಿಸಿಕೊಂಡ ಮಾಹಿತಿಯನ್ನು ಸರಿಯಾಗಿ ಓದಿಕೊಳ್ಳುವುದು ನಮ್ಮ ಕರ್ತವ್ಯವಾಗಿದೆ.

ಈ ಕಾಲರುಗಳಲ್ಲಿರುವ ಜಿಪಿಎಸ್ ಎಂದರೆ ಉಪಗ್ರಹವು ಮೇಲಿನಿಂದ ಆನೆಯನ್ನು ನೋಡುತ್ತಿರುವುದು ಎಂಬ ಭಾವನೆ ಬಹಳ ಜನರಲ್ಲಿ ಉಂಟು, ಅದು ಸರಿಯಲ್ಲ. ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿರುವ ಆ ಅಮೆರಿಕದ ಉಪಗ್ರಹಗಳು ಅತ್ಯಂತ ನಿಖರವಾದ ಗಡಿಯಾರಗಳನ್ನು ಹೊತ್ತು, ತಾವು ಎಲ್ಲಿದ್ದೇವೆ, ಈಗ ಹೊತ್ತೆಷ್ಟು ಎಂಬುದನ್ನು ಎಡೆಬಿಡದೆ ಸಾರುತ್ತಿರುತ್ತವೆ. ಕಾಲರಿನಲ್ಲಿರುವ ಅಥವಾ ನಮ್ಮ ಫೋನಿನಲ್ಲಿರುವ ಗ್ರಾಹಕವು ಕಡೆಯಪಕ್ಷ ನಾಲ್ಕು ಉಪಗ್ರಹಗಳ ಈ ಸಾರಣೆಯನ್ನು ಕೇಳಿ, ಒಂದೊಂದು ತನ್ನನ್ನು ಮುಟ್ಟಲು ತೆಗೆದುಕೊಂಡ ಕಾಲದಿಂದ ದೂರವನ್ನು ಗಣಿಸಿ, ತಾನು ನಿಂತಿರುವ ಅಕ್ಷಾಂಶ ರೇಖಾಂಶಗಳನ್ನು ತಾನೇ ಕಂಡುಕೊಳ್ಳುತ್ತದೆ. ಉಪಗ್ರಹಕ್ಕೆ ಆನೆಯ ಸುದ್ದಿಯೇ ತಿಳಿಯದು. ಆ ಸುದ್ದಿಯು ಅರಣ್ಯ ಇಲಾಖೆಯವರಿಗೆ ಮುಟ್ಟಬೇಕಾದರೆ ಕಾಲರಿನೊಳಗೆ ಬೇರೊಂದು ಪ್ರೇಷಕವಿದ್ದು, ಅದು ಮೊಬೈಲ್ ಗೋಪುರದ ಮೂಲಕವೋ ಸಂಪರ್ಕ ಉಪಗ್ರಹದ ಮೂಲಕವೋ ಅದನ್ನು ಕಳುಹಿಸಬೇಕು. ಕಾಲರಿನ ಬ್ಯಾಟರಿಯನ್ನು ಬದಲಿಸುವುದಕ್ಕೆ ಆನೆಯನ್ನು ಮತ್ತೆ ಅರಿವಳಿಕೆಯ ಮದ್ದಿನಿಂದ ಕೆಡಹಬೇಕಾದುದರಿಂದ, ಆ ಬ್ಯಾಟರಿಯು ವರ್ಷಾನುಗಟ್ಟಲೆ ಬಾಳುವಂತೆ, ಸ್ಥಾನವನ್ನು ಪ್ರತಿಕ್ಷಣವೂ ಗುರುತಿಸದೆ ಕಾಲಕಾಲಕ್ಕೆ ಮಾತ್ರ ಗುರುತಿಸುವಂತೆ ಅದನ್ನು ಅಣಿಗೊಳಿಸಿರುತ್ತಾರೆ. ಆದುದರಿಂದ ನಕಾಶೆಯ ಮೇಲೆ ಕಾಣುವ ಚುಕ್ಕೆಯು ಆನೆ ಈಗ ಇರುವ ಸ್ಥಳವಾಗಿರದೆ, ಅದು ಕೆಲವು ಗಂಟೆಗಳ ಹಿಂದೆ ಇದ್ದ ಸ್ಥಳವಾಗಿರಬಹುದು. ಮೇಲಾಗಿ ಕಾಲರಿಲ್ಲದ ಆನೆಗಳಿಗೆ ಚುಕ್ಕೆಯೇ ಇಲ್ಲ. ಚುಕ್ಕೆ ದೂರದಲ್ಲಿದೆಯೆಂದು ನಂಬಿ ಮುಸ್ಸಂಜೆಯಲ್ಲಿ ಬೈಕು ಹತ್ತುವವರು ಈ ಒಂದು ಮಾತನ್ನು ಚೆನ್ನಾಗಿ ನೆನಪಿಡಬೇಕು.

ಉಪಗ್ರಹಗಳ ಮಾತು ಬಂದಾಗ ಹಾಸನದವರು ಹೆಮ್ಮೆಪಡತಕ್ಕ ಸಂಗತಿಯೊಂದುಂಟು. ಇಸ್ರೋ ಸಂಸ್ಥೆಯ, 1982ರಲ್ಲಿ ಸ್ಥಾಪಿತವಾದ ಪ್ರಧಾನ ನಿಯಂತ್ರಣ ಕೇಂದ್ರವು ನಮ್ಮ ಜಿಲ್ಲಾಕೇಂದ್ರದಲ್ಲಿಯೇ ಇದ್ದು, ಸುಮಾರು 36,000 ಕಿಲೋಮೀಟರ್ ಎತ್ತರದ ಇನ್‌ಸ್ಯಾಟ್, ಜಿಸ್ಯಾಟ್ ಮಾಲೆಯ ಉಪಗ್ರಹಗಳನ್ನು ಅಲ್ಲಿಂದ ನಿಯಂತ್ರಿಸುತ್ತದೆ. ಸ್ಥಾನನಿರ್ದೇಶನಕ್ಕೆಂದೇ ಭಾರತವು ನಿರ್ಮಿಸಿಕೊಂಡ ನಾವಿಕ್ ವ್ಯವಸ್ಥೆಯ ಉಪಗ್ರಹಗಳೂ ಅದರ ಆರೈಕೆಗೆ ಸೇರಿದುವು. ಹೇಮಾವತಿಯ ತೀರದ ಹಳ್ಳಿಗಳಲ್ಲಿ ಟಿವಿ ನೋಡುವವರಲ್ಲಿ ಎಷ್ಟೋ ಮಂದಿಗೆ ತಮ್ಮ ಮನೆಯ ಡಿಶ್ಶು ಮುಖಮಾಡಿರುವ ಉಪಗ್ರಹದ ಲಗಾಮು ತಮ್ಮ ಜಿಲ್ಲೆಯಲ್ಲಿಯೇ ಇರಬಹುದೆಂಬುದು ತಿಳಿದಿರಲಾರದು.

ಇನ್ನು ಸಂದೇಶ ಬರುವ ದಾರಿ. ಹೆತ್ತೂರು, ಯಸಳೂರು, ಬಿಸಿಲೆಯ ಕಡೆಯ ಕಣಿವೆಗಳಲ್ಲಿ ಸಿಗ್ನಲ್ಲು ಗುಡ್ಡದ ಒಂದು ಮಗ್ಗುಲಲ್ಲಿದ್ದು ಇನ್ನೊಂದರಲ್ಲಿ ಮಾಯವಾಗುವುದನ್ನು ಎಲ್ಲರೂ ಬಲ್ಲರು. ಗೋಪುರದಿಂದ ಹೊರಡುವ ರೇಡಿಯೋ ತರಂಗಗಳನ್ನು ಬೆಟ್ಟವು ತಡೆಯುವುದೇ ಇದಕ್ಕೆ ಕಾರಣ. ವಾಟ್ಸಾಪ್ ಸಂದೇಶಕ್ಕೆ ಇಂಟರ್ನೆಟ್ಟಿನ ಸಂಪರ್ಕ ಬೇಕೇಬೇಕು. ಎಸ್ಸೆಮ್ಮೆಸ್ಸಿಗೆ ಬೇಡ, ಅದು ಫೋನೂ ಗೋಪುರವೂ ತಮ್ಮ ತಮ್ಮೊಳಗಿನ ವ್ಯವಹಾರಕ್ಕೆಂದು ಇರಿಸಿಕೊಂಡಿರುವ ಸಣ್ಣ ಹಾದಿಯಲ್ಲಿಯೇ ಸಾಗಿಬರುತ್ತದೆ, ಫೋನು ಸಿಕ್ಕದಿದ್ದರೆ ಸಂದೇಶ ಕೇಂದ್ರದಲ್ಲಿ ಕಾದಿದ್ದು ಸಿಕ್ಕಾಗ ಬಂದು ಸೇರುತ್ತದೆ. ಆನೆಯ ಸುದ್ದಿಗೆ ಹಳೆಯದಾದ ಎಸ್ಸೆಮ್ಮೆಸ್ಸನ್ನು ಇಂದಿಗೂ ಬಿಡದಿರುವುದು ಈ ದೃಷ್ಟಿಯಿಂದ ಬುದ್ಧಿವಂತಿಕೆಯ ಕೆಲಸವೆಂದೇ ನಾನು ಹೇಳುವೆನು. ಆದರೆ ಒಂದು ತೊಡಕುಂಟು. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರಗಳು ಹಿಡಿಸಿದರೆ ಕನ್ನಡದಲ್ಲಿ 70 ಸ್ಥಾನಗಳು ಮಾತ್ರ. ಅದರಲ್ಲಿಯೂ ಕಾಗುಣಿತದ ಚಿಹ್ನೆಗೊಂದು ಸ್ಥಾನ, ಒತ್ತಕ್ಷರವಾದರೆ ಮೂರು ಸ್ಥಾನ ಬೇಕಾಗುತ್ತದೆ. ಲೋಕದ ಬಹುತೇಕ ಎಲ್ಲ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಿರುವ ಯೂನಿಕೋಡ್ ಎಂಬ ಕ್ರಮವೇ ಇದಕ್ಕೆ ಆಧಾರ. ಹಿಂದೆ ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚು ಮಾಡಿಟ್ಟ ತೋಟದ ಪತ್ರಗಳು ಇಂದಿನ ಫೋನಿನಲ್ಲಿ ಅರ್ಥವಿಲ್ಲದ ಗೀಚುಗಳಾಗಿ ಕಾಣುವುದೂ, ಅವು ಯೂನಿಕೋಡಿನಲ್ಲಿ ಇಲ್ಲದಿರುವುದರಿಂದಲೇ. ಅಂಥವನ್ನು ಪರಿವರ್ತಿಸಿಕೊಳ್ಳಲು ಪರಿವರ್ತಕಗಳಿವೆ. ತಡಮಾಡದೆ ಮಾಡಿಸಿಕೊಳ್ಳುವುದು ಒಳಿತು.

ಡೇಟಾ ಎಂಬ ಮಾತಿಗೆ ಈ ಸೀಮೆಯವರು ಹೊರಗೆಲ್ಲಿಯೂ ಉದಾಹರಣೆ ಹುಡುಕಬೇಕಾಗಿಲ್ಲ. ಹಳೆಯ ತೋಟಗಳಲ್ಲಿ ಅಜ್ಜನ ಕಾಲದಿಂದಲೂ ಪ್ರತಿದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಅಳೆದು ಬರೆದಿಟ್ಟ ಪುಸ್ತಕಗಳಿವೆ. ಹೂಮಳೆ ಎಂದು ಬಂತು, ಮುಂಗಾರು ಎಷ್ಟು ಸುರಿಯಿತು ಎಂಬುದೆಲ್ಲ ಅಲ್ಲಿ ಉಂಟು. ಆ ಅಂಕಿಗಳೇ ಡೇಟಾ. ಅವನ್ನು ಯಾವ ವರ್ಷದ ಯಾವ ತಿಂಗಳನ್ನು ಕೇಳಿದರೂ ಕ್ಷಣದಲ್ಲಿ ಹೆಕ್ಕಿಕೊಡುವಂತೆ ಕಂಪ್ಯೂಟರಿನಲ್ಲಿ ಜೋಡಿಸಿಟ್ಟರೆ ಡೇಟಾಬೇಸ್. ಅದನ್ನು ಇಟ್ಟುಕೊಂಡು, ದೂರದಿಂದ ಕೇಳಿದವರಿಗೆ ಉತ್ತರ ಕೊಡುವ ಕಂಪ್ಯೂಟರು ಸರ್ವರ್. ಪುಸ್ತಕಕ್ಕೆ ಗೆದ್ದಲು ಹಿಡಿದೀತೆಂಬ ಭಯದಿಂದ ಮಾಡಿ ಬೇರೊಂದು ಮನೆಯಲ್ಲಿಟ್ಟ ಪ್ರತಿಯು ಬ್ಯಾಕಪ್. ಇಷ್ಟನ್ನು ತಿಳಿದವನಿಗೆ ಕ್ಲೌಡಿನಲ್ಲಿ ರಹಸ್ಯವೇನೂ ಉಳಿಯುವುದಿಲ್ಲ. ಅದು ಯಾವುದೋ ಊರಿನ ಭದ್ರವಾದ ಕಟ್ಟಡದಲ್ಲಿ ಬೇರೊಂದು ಕಂಪನಿಯವರು ಇಟ್ಟು, ಬಾಡಿಗೆಗೆ ಕೊಡುವ ಸರ್ವರುಗಳ ಸಮೂಹ. ಬಾಡಿಗೆ ನಿಂತರೆ ಬಾಗಿಲು ಮುಚ್ಚುತ್ತದೆ. ಆದುದರಿಂದ ಲೆಕ್ಕದ ತಂತ್ರಾಂಶವನ್ನು ಮಾರಲು ಬಂದವನು ಎಲ್ಲವೂ ಕ್ಲೌಡಿನಲ್ಲಿ ಭದ್ರವಾಗಿರುತ್ತದೆಂದು ಹೇಳಿದರೆ, ನಾಳೆ ನಾವು ನಿಮ್ಮನ್ನು ಬಿಟ್ಟರೆ ನಮ್ಮ ಲೆಕ್ಕವನ್ನು ನಾವು ಓದಬಲ್ಲ ರೂಪದಲ್ಲಿ ಹಿಂದಕ್ಕೆ ಕೊಡುವಿರಾ ಎಂದು ತೋಟದವರು ಮೊದಲು ಕೇಳಬೇಕು. ಉತ್ತರವನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು.

2000ದ ಸುಮಾರಿಗೆ ಕರ್ನಾಟಕ ಸರ್ಕಾರವು ಭೂಮಿ ಯೋಜನೆಯ ಮೂಲಕ ಪಹಣಿಗಳನ್ನು ಗಣಕೀಕರಿಸಿದಾಗ ಶ್ಯಾನುಭೋಗಿಕೆಯ ಕಾಲದಿಂದ ಕೈಬರಹದಲ್ಲಿ ನಡೆದುಬಂದ ದಾಖಲೆಯು ಡೇಟಾಬೇಸಿಗೆ ಏರಿತು. ಅಂದಿನಿಂದ ನಾಡಕಚೇರಿಯ ಕಿಟಕಿಯಲ್ಲಿ "ಸರ್ವರ್ ಇಲ್ಲ ಗೌಡ್ರೇ, ನಾಳೆ ಬನ್ನಿ" ಎಂಬ ಉತ್ತರವನ್ನು ಕೇಳದ ರೈತನಿಲ್ಲ. ಸರ್ವರು ಕೆಟ್ಟಿರಬಹುದು, ಒಂದೇ ಸಮಯದಲ್ಲಿ ಕೇಳುವವರು ಹೆಚ್ಚಾಗಿ ಅದು ನಿಧಾನಿಸಿರಬಹುದು, ಅಥವಾ ಅದು ಸುಖವಾಗಿಯೇ ಇದ್ದು ದಾರಿಯಲ್ಲಿ ಕೇಬಲ್ಲು ಕಡಿದಿರಬಹುದು. ಮಳೆಗಾಲದಲ್ಲಿ ಶಿರಾಡಿಯ ಕಡೆ ಗುಡ್ಡ ಕುಸಿಯುವ ನಮ್ಮ ಸೀಮೆಯಲ್ಲಿ ಈ ಮೂರನೆಯದನ್ನು ಮರೆಯುವಂತಿಲ್ಲ. ಯಾವುದೆಂದು ವಿನಯದಿಂದ ಕೇಳಿ ತಿಳಿಯುವ ಹಕ್ಕು ನಾಗರಿಕನಿಗೆ ಇದ್ದೇ ಇದೆ. ಕೇಬಲ್ಲು ಕಡಿದಿದ್ದರೆ ಪಕ್ಕದ ಹೋಬಳಿಯಲ್ಲಿ ಕೆಲಸವಾದೀತು, ಸರ್ವರೇ ನಿಂತಿದ್ದರೆ ಎಲ್ಲಿಯೂ ಆಗದು.

ಕಾಫಿಯ ವ್ಯಾಪಾರಕ್ಕೂ ಈ ಪರಿಭಾಷೆಗೂ ಈಚೆಗೆ ಬಿಗಿಯಾದ ಸಂಬಂಧ ಬೆಳೆದಿದೆ. 1942ರ ಶಾಸನದಿಂದ ರೂಪುಗೊಂಡ ಕಾಫಿ ಮಂಡಳಿಯೇ ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಮಾರುತ್ತಿದ್ದ ಕಾಲದಲ್ಲಿ ಧಾರಣೆಯ ಚಿಂತೆ ತೋಟದವರಿಗೆ ಇಷ್ಟಿರಲಿಲ್ಲ. 1996ರಲ್ಲಿ ಮಾರಾಟವು ಪೂರ್ತಿಯಾಗಿ ಮುಕ್ತವಾದ ಮೇಲೆ ಪ್ರತಿಯೊಬ್ಬ ಬೆಳೆಗಾರನೂ ವರ್ತಕನಾಗಬೇಕಾಯಿತು. ಈಗ ಯೂರೋಪಿಯನ್ ಒಕ್ಕೂಟದ 2023ರ ನಿಯಮವು ಹೊಸ ಶಬ್ದವೊಂದನ್ನು ತಂದಿದೆ: ಜಿಯೋಲೊಕೇಶನ್. 2020ರ ಡಿಸೆಂಬರ್ 31ರ ತರುವಾಯ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲವಾದುದರಿಂದ, ಬೆಳೆದ ಜಮೀನಿನ ಅಕ್ಷಾಂಶ ರೇಖಾಂಶಗಳನ್ನು ದಶಮಾಂಶದ ಆರು ಸ್ಥಾನಗಳವರೆಗೆ ಕೊಡಬೇಕು; ನಾಲ್ಕು ಹೆಕ್ಟೇರಿಗೆ ಮೀರಿದ ತೋಟವಾದರೆ ಒಂದು ಚುಕ್ಕೆ ಸಾಲದೆ, ಎಲ್ಲೆಯ ಸುತ್ತ ಚುಕ್ಕೆಗಳನ್ನು ಜೋಡಿಸಿದ ಪಾಲಿಗನ್ ಎಂಬ ಆಕೃತಿಯನ್ನೇ ಒಪ್ಪಿಸಬೇಕು. ಜಾರಿಯ ದಿನ ಮುಂದಕ್ಕೆ ಹೋಗಿದ್ದರೂ ಇಟಲಿ, ಜರ್ಮನಿಗಳಂತಹ ಗಿರಾಕಿಗಳನ್ನು ನಂಬಿರುವ ನಾವು ಇದನ್ನು ಅಲಕ್ಷಿಸಲಾಗದು. ಕಾಫಿ ಮಂಡಳಿಯು ಇದಕ್ಕಾಗಿ ಒಂದು ಆ್ಯಪನ್ನು, ಎಂದರೆ ಒಂದೇ ಕೆಲಸಕ್ಕೆ ಮೀಸಲಾಗಿ ಫೋನಿನಲ್ಲಿ ಕೂಡಿಸಿಕೊಳ್ಳುವ ತಂತ್ರಾಂಶವನ್ನು, ಒದಗಿಸಿದೆ. ಇಲ್ಲಿಯೂ ಜಿಪಿಎಸ್ಸಿನ ಸ್ವಭಾವ ತಿಳಿದಿದ್ದರೆ ಅನುಕೂಲ: ಆರನೆಯ ಸ್ಥಾನವೆಂದರೆ ನೆಲದ ಮೇಲೆ ಸುಮಾರು 11 ಸೆಂಟಿಮೀಟರ್, ಆದರೆ ದಟ್ಟವಾದ ನೆರಳುಮರಗಳ ಕೆಳಗೆ ನಿಂತ ಸಾಧಾರಣ ಫೋನು ಹಲವು ಮೀಟರುಗಳಷ್ಟು ತಪ್ಪಬಲ್ಲುದು. ಎಲ್ಲೆಯನ್ನು ಗುರುತಿಸುವಾಗ ಆಕಾಶ ತೆರೆದಿರುವ ಕಡೆ ತುಸು ಹೊತ್ತು ನಿಲ್ಲಬೇಕು. ಪಕ್ಕದ ಮೀಸಲು ಅರಣ್ಯದೊಳಕ್ಕೆ ನಮ್ಮ ಗೆರೆ ನುಗ್ಗಿದಂತೆ ದಾಖಲಾದರೆ ಸರಿಪಡಿಸುವ ಶ್ರಮ ನಮ್ಮದೇ.

ಹೀಗೆ ಹೊರಗಿನವರಿಗೆ ಮಾಹಿತಿ ಕೊಡುವ ನಾವು ಬೇರೆಯವರ ಮಾಹಿತಿಯನ್ನೂ ಇಟ್ಟುಕೊಂಡಿದ್ದೇವೆ. ಅಸ್ಸಾಮಿನಿಂದಲೋ ಬಂಗಾಳದಿಂದಲೋ ಬಂದು ಲೈನ್ ಮನೆಗಳಲ್ಲಿ ನೆಲೆಸಿರುವ ಕಾರ್ಮಿಕರ ಆಧಾರ್ ಚಿತ್ರಗಳು ತೋಟದವರ ಫೋನಿನಲ್ಲಿ ಮದುವೆಯ ಫೋಟೋಗಳ ನಡುವೆ ಬಿದ್ದಿರುವುದು ಅಪರೂಪವಲ್ಲ. ಭಾರತದ ಸಂಸತ್ತು 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಅಂಗೀಕರಿಸಿದೆ. ಕಾಯಿದೆಯಿಲ್ಲದಿದ್ದರೂ, ನಮ್ಮನ್ನು ನಂಬಿ ಬಂದ ಬಡವನ ಗುರುತಿನ ಚೀಟಿಯನ್ನು ಸಿಕ್ಕಸಿಕ್ಕವರಿಗೆ ಕಳುಹಿಸದಿರುವುದು ಧರ್ಮವೇ ಆಗಿರುತ್ತಿತ್ತು.

ಹಣದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 2016ರಲ್ಲಿ ಬಂದ ಯುಪಿಐ ಪದ್ಧತಿಯಲ್ಲಿ ಪಿನ್ ಒತ್ತುವುದೆಂದರೆ ನಮ್ಮ ಖಾತೆಯಿಂದ ಹಣ ತೆಗೆಯಲು ಅಪ್ಪಣೆ ಕೊಡುವುದು. ಹಣ ಪಡೆಯುವುದಕ್ಕೆ ಪಿನ್ ಬೇಡ, ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡುವುದೂ ಬೇಡ. ಕೆಲವೇ ನಿಮಿಷಗಳ ಕಾಲ ಬಾಳುವ ಗುಟ್ಟಿನ ಸಂಖ್ಯೆಯಾದ ಓಟಿಪಿಯನ್ನು ಬ್ಯಾಂಕಿನವರೂ ಫೋನಿನಲ್ಲಿ ಕೇಳುವುದಿಲ್ಲ. ಮೆಣಸು ಕೊಳ್ಳುವೆನೆಂದು ಅಪರಿಚಿತನೊಬ್ಬನು ಮುಂಗಡ ಕಳುಹಿಸುವ ನೆಪದಲ್ಲಿ ಕೋಡು ಕಳುಹಿಸಿದರೆ, ಅಥವಾ ಮದುವೆಯ ಕರೆಯೋಲೆಯೆಂದು ಹೇಳಿ ಎಪಿಕೆ ಎಂಬ ಬಾಲವುಳ್ಳ ಕಡತವನ್ನು ವಾಟ್ಸಾಪಿಗೆ ಹಾಕಿದರೆ, ಅದನ್ನು ತೆರೆಯಲೇ ಕೂಡದು; ಎಪಿಕೆ ಎಂದರೆ ಫೋನಿನೊಳಗೆ ಹೊಸ ಆ್ಯಪನ್ನು ಕೂಡಿಸುವ ಕಡತ, ಹಾಗೆ ಸೇರಿಕೊಂಡ ಆ್ಯಪು ನಮ್ಮ ಓಟಿಪಿಗಳನ್ನು ತಾನೇ ಓದಬಲ್ಲುದು. ಮೋಸವಾಗಿಬಿಟ್ಟರೆ ಸಂಕೋಚಪಟ್ಟು ಕುಳಿತುಕೊಳ್ಳದೆ, ಹಣವು ಇನ್ನೂ ದಾರಿಯಲ್ಲಿರುವಾಗಲೇ ತಡೆಯುವ ಅವಕಾಶವಿರುವುದರಿಂದ ಆ ಕೂಡಲೇ ದೂರು ಕೊಡಬೇಕು. ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1930. ದಯಮಾಡಿ ಅದನ್ನು ತೋಟದ ಕಚೇರಿಯ ಗೋಡೆಯ ಮೇಲೆಯೂ ಲೈನ್ ಮನೆಗಳ ಬಾಗಿಲ ಬಳಿಯೂ ಎಲ್ಲರಿಗೂ ಕಾಣುವಂತೆ ದಪ್ಪಕ್ಷರದಲ್ಲಿ ಬರೆಯಿಸಿರಿ.